ತುರಿದ ಚೀಸ್ ಯಾವುದೆಂದು ಗುರುತಿಸುವುದು ಹೇಗೆ?

ಮುಂಬದಿಯಲ್ಲಿ ಬರೀ ‘ತುರಿದ ಚೀಸ್’ ಎಂದಿರುವ ಪ್ಯಾಕೆಟ್ ಸಿಕ್ಕರೆ ಹೆಚ್ಚಿನವರು ಬಣ್ಣ ನೋಡಿಯೇ ಹೆಸರಿಟ್ಟುಬಿಡುತ್ತಾರೆ: ಬಿಳಿಯಾದರೆ ಮೊಝರೆಲ್ಲಾ, ಕಿತ್ತಳೆಯಾದರೆ ಚೆಡ್ಡಾರ್. ಬಣ್ಣವನ್ನು ನಂಬಲೇಬೇಡಿ. ಚೆಡ್ಡಾರ್‌ಗೆ ಕಿತ್ತಳೆ ಬಣ್ಣ ಬರುವುದು ಅನ್ನಾಟೊ ಬೀಜದಿಂದ. ಅದನ್ನು ಹಾಕದಿದ್ದರೆ ಚೆಡ್ಡಾರ್ ಕೂಡ ಕೆನೆಬಣ್ಣದ್ದೇ.

1. ಪ್ಯಾಕೆಟ್ಟಿನ ಹಿಂಬದಿ ಓದಿ. ಪದಾರ್ಥಗಳ ಪಟ್ಟಿ ತಾಳೆ ಎಣ್ಣೆ, ಪಿಷ್ಟದಿಂದ ಶುರುವಾದರೆ ಅದು ಚೀಸ್ ಅಲ್ಲ, ಚೀಸಿನಂತೆ ಮಾಡಿದ ಪದಾರ್ಥ. ನಾನಂತೂ ವಾಪಸ್ ಇಡುತ್ತೇನೆ. ಸೋಡಿಯಂ ಸಿಟ್ರೇಟ್ ಅಥವಾ ಫಾಸ್ಫೇಟ್ ಇದ್ದರೆ ಸಂಸ್ಕರಿತ ಚೀಸ್. 100 ಗ್ರಾಮಿಗೆ ಪ್ರೋಟೀನ್ 30 ಗ್ರಾಂ ದಾಟಿದ್ದರೆ ಪಾರ್ಮೆಸಾನ್‌ನಂಥ ಗಟ್ಟಿ ಚೀಸ್ ಇರಬಹುದು. ಪ್ರೋಟೀನ್ 25, ಕೊಬ್ಬು 33ರ ಆಸುಪಾಸಿದ್ದರೆ ಚೆಡ್ಡಾರ್ ಇರಬಹುದು.

2. ಕರಗಿಸಿ ನೋಡಿ. ಎಲ್ಲರೂ ಎಡವುವುದು ಇಲ್ಲೇ. ತುರಿ ಅಂಟಿಕೊಳ್ಳದಿರಲೆಂದು ಕಂಪನಿಯವರು ಆಲೂಗಡ್ಡೆ ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಉದುರಿಸಿರುತ್ತಾರೆ. ಆ ಪುಡಿ ಇದ್ದಂತೆಯೇ ಬಿಸಿ ಮಾಡಿದರೆ ಒಳ್ಳೆಯ ಚೀಸ್ ಕೂಡ ಸರಿಯಾಗಿ ಒಂದಾಗದು. ಆದ್ದರಿಂದ ಒಂದು ದೊಡ್ಡ ಚಮಚ ತುರಿಯನ್ನು ಜರಡಿಯಲ್ಲಿಟ್ಟು ತಣ್ಣೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ನಾನ್‌ಸ್ಟಿಕ್ ಬಾಣಲೆಯಲ್ಲಿ ತೆಳ್ಳಗೆ ಹರಡಿ, ಸಣ್ಣ ಉರಿಯಲ್ಲಿಡಿ. ಎಣ್ಣೆ ಹಾಕಬೇಡಿ, ಹಾಕಿದರೆ ಚೀಸಿನದೇ ಜಿಡ್ಡು ಎಷ್ಟು ಬಿಡುತ್ತದೆಂದು ಗೊತ್ತಾಗುವುದಿಲ್ಲ. ಮೈಕ್ರೋವೇವ್ ಕೂಡ ಬೇಡ, ನೋಡಬೇಕಾದ್ದನ್ನು ನೋಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಕರಗಿದ ಮೇಲೆ ಫೋರ್ಕಿನಿಂದ ನಿಧಾನವಾಗಿ ಎತ್ತಿ. ಉದ್ದನೆಯ ಎಳೆ ಬಂದರೆ ಮೊಝರೆಲ್ಲಾ ಅಥವಾ ಅದರ ಬಳಗದ ಪ್ರೊವೊಲೋನ್. ಬಿಸಿನೀರಿನಲ್ಲಿ ಎಳೆದು ನಾದಿ ಮಾಡುವುದರಿಂದಲೇ ಇವಕ್ಕೆ ಆ ಗುಣ. ಎಳೆ ಬೇಗ ತುಂಡಾಗಿ ಅಂಚಿನಲ್ಲಿ ಜಿಡ್ಡು ನಿಂತರೆ ಚೆಡ್ಡಾರ್. ಹೆಚ್ಚು ಮಾಗಿದ್ದಾದರೆ ಜಿಡ್ಡೂ ಹೆಚ್ಚು. ಜಿಡ್ಡು ಬಿಡದೆ ನುಣ್ಣಗೆ ಹರಡಿದರೆ ಸಂಸ್ಕರಿತ ಚೀಸ್. ಎಳೆಯೇ ಬರದೆ, ಆರಿದ ಮೇಲೆ ಗರಿಗರಿಯಾಗಿ ಮುರಿದರೆ ಪಾರ್ಮೆಸಾನ್ ಬಗೆಯದು.

ಅಯೋಡಿನ್ ಹನಿ ಹಾಕಿ ‘ನೀಲಿಯಾಯಿತು, ಕಲಬೆರಕೆ’ ಎನ್ನುವ ವಿಡಿಯೊಗಳನ್ನು ನಂಬಬೇಡಿ. ಮೇಲೆ ಉದುರಿಸಿದ ಪಿಷ್ಟವೇ ಸಾಕು, ನೀಲಿಯಾಗಲು.

3. ಕೊನೆಗೆ ರುಚಿ. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಬಿಡಿ, ತಣ್ಣಗಿದ್ದಾಗ ಎಲ್ಲ ಚೀಸೂ ಒಂದೇ ಅನ್ನಿಸುತ್ತದೆ. ಗರಿಗರಿಯಾಗಿ ಮುರಿದದ್ದು ಬಹಳ ಉಪ್ಪಾಗಿ, ಖಾರವಾಗಿದ್ದರೆ ಕುರಿಹಾಲಿನ ಪೆಕೊರಿನೊ ಇರಬಹುದು. ಪಟ್ಟಿಯಲ್ಲಿ ಕುರಿಹಾಲು ಎಂದಿದೆಯೇ ಎಂದು ಮತ್ತೊಮ್ಮೆ ನೋಡಿ.