ಎದ್ದು ಹೋಗದ ಡೆರೆಕ್: ನನ್ನ ಅನುಭವ

ಸ್ಕೆಚ್ ಕಾಮಿಡಿಯಲ್ಲಿ, ಅಂದರೆ ಕೆಲವೇ ನಿಮಿಷಗಳ ಕಿರುಪ್ರಹಸನಗಳಲ್ಲಿ, ಮರಳಿ ಮರಳಿ ಬರುವ ಪಾತ್ರಗಳ ಕಾಲ ಮುಗಿಯಿತು ಎಂದು ನನಗೆ ಹೇಳದವರೇ ಕಡಿಮೆ. ಲಂಡನ್ನಿನಲ್ಲಿ ಪಬ್ಬೊಂದರ ಮಹಡಿಯ ಮೇಲೆ ಸ್ಕೆಚ್ ರಾತ್ರಿ ನಡೆಸುವವರೊಬ್ಬರು ನಮ್ಮ ಸ್ಕ್ರಿಪ್ಟನ್ನು ಎರಡು ಪುಟ ಓದಿ, ಕ್ಯಾಚ್‌ಫ್ರೇಸ್ (ಪಾತ್ರ ಪ್ರತಿ ಸಲ ಹೇಳುವ ಅದೇ ಮಾತು) ಎಂಬುದು ಇಪ್ಪತ್ತು ವರ್ಷದ ಹಿಂದಿನ ಸರಕು ಎಂದು ಹಿಂದಿರುಗಿಸಿದರು. ನಮ್ಮ ನಾಲ್ವರ ತಂಡದಲ್ಲೇ ಇಬ್ಬರು ಅದಕ್ಕೆ ತಲೆಯಾಡಿಸಿದರು. ಕಳೆದ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಫ್ರಿಂಜ್ ಕಲೋತ್ಸವದಲ್ಲಿ ಡೆರೆಕ್ ಎಂಬ ಪಾತ್ರ ನಮ್ಮ ಪ್ರದರ್ಶನವನ್ನು ದಡ ಸೇರಿಸಿದ ಮೇಲೆ ಆ ಇಬ್ಬರೂ ಸುಮ್ಮನಾಗಿದ್ದಾರೆ. ಅವರು ಮತ್ತೆ ಬಾಯಿ ತೆರೆಯುವ ಮೊದಲೇ ಇದನ್ನು ಬರೆದಿಡುತ್ತಿದ್ದೇನೆ. ಪ್ರಹಸನ ಬರೆದು ಆಡುವವರಿಗೆ ಬ್ಲ್ಯಾಕ್‌ಔಟ್ (ದೀಪ ಆರಿಸಿ ಸ್ಕೆಚ್ ಮುಗಿಸುವುದು), ಮೂರರ ನಿಯಮ (ಎರಡು ಸಲ ಒಂದೇ ಥರ, ಮೂರನೆಯ ಸಲ ತಿರುವು), ಪಂಚ್ ಲೈನ್ (ನಗಿಸುವ ಕೊನೆಯ ಸಾಲು) ಎಲ್ಲ ಗೊತ್ತೇ ಇರುತ್ತದೆ. ಆ ಪಾಠ ಇಲ್ಲಿಲ್ಲ.

ಮೊದಲ ಬಾರಿ ಫ್ರಿಂಜ್‌ಗೆ ಹೋದಾಗ ಪ್ರದರ್ಶನಕ್ಕೆ ಬಾಡಿಗೆ ಕೋಣೆ ಹಿಡಿದಿದ್ದೆವು. ಕೋಣೆಗೆ ಕಟ್ಟಬೇಕಾದ ಗ್ಯಾರಂಟಿ (ಟಿಕೆಟ್ ಮಾರದಿದ್ದರೂ ಕೊಡಬೇಕಾದ ಕನಿಷ್ಠ ಮೊತ್ತ), ಮನೆ ಬಾಡಿಗೆ, ಪೋಸ್ಟರ್, ಓಡಾಟ ಎಲ್ಲ ಸೇರಿ 7,000 ಪೌಂಡ್ ಹತ್ತಿರ ಹತ್ತಿರ ಹೋಯಿತು. ಟಿಕೆಟ್‌ನಿಂದ ಬಂದದ್ದು 2,000 ಚಿಲ್ಲರೆ. ತಲಾ ಸಾವಿರದ ಮೇಲೆ ಕೈಯಿಂದ ಹಾಕಿ ರೈಲು ಹತ್ತಿದೆವು. ಸುಮಾರು 60 ಆಸನಗಳ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಚದುರಿ ಕುಳಿತರೆ ನಗು ಒಬ್ಬರಿಂದ ಒಬ್ಬರಿಗೆ ದಾಟುವುದೇ ಇಲ್ಲ. ಆದರೆ ತೊಂದರೆ ಜನರ ಸಂಖ್ಯೆಯದ್ದು ಮಾತ್ರವಲ್ಲ. ನಮ್ಮಲ್ಲಿ ಹದಿನೇಳೋ ಹದಿನೆಂಟೋ ಸ್ಕೆಚ್‌ಗಳಿದ್ದವು, ಒಂದಕ್ಕೊಂದು ಸಂಬಂಧವಿರಲಿಲ್ಲ. ಪ್ರತಿ ಮೂರು ನಿಮಿಷಕ್ಕೊಮ್ಮೆ ಪ್ರೇಕ್ಷಕ ಹೊಸ ಜಾಗ, ಹೊಸ ಜನ, ಹೊಸ ಹುಚ್ಚಾಟವನ್ನು ಅರ್ಥ ಮಾಡಿಕೊಳ್ಳಬೇಕಿತ್ತು. ಮೂವತ್ತನೆಯ ನಿಮಿಷದ ಹೊತ್ತಿಗೆ ಅವರ ಮುಖದಲ್ಲಿ ದಣಿವು ಕಾಣುತ್ತಿತ್ತು. ಒಳ್ಳೆಯ ಸ್ಕೆಚ್‌ಗಳೂ ಆ ದಣಿವಿನಲ್ಲಿ ಮುಳುಗಿದವು.

ಊರಿಗೆ ಮರಳಿ, ಸ್ಟಾಪ್‌ವಾಚ್ ಹಿಡಿದು ಹಳೆಯ ಬಿಬಿಸಿ ಕಾರ್ಯಕ್ರಮಗಳ ಮುಂದೆ ಕುಳಿತೆ. ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು 1994ರಲ್ಲಿ ಬಿಬಿಸಿ ಟೂನಲ್ಲಿ ಶುರುವಾದ 'ದ ಫಾಸ್ಟ್ ಶೋ'. ಹಾಸ್ಯನಟ ಹ್ಯಾರಿ ಎನ್‌ಫೀಲ್ಡ್ ಅವರ ಕಾರ್ಯಕ್ರಮದ ತುಣುಕುಗಳನ್ನು ಪತ್ರಕರ್ತರಿಗೆ ತೋರಿಸಲು ಚುಟುಕಾಗಿ ಕತ್ತರಿಸಿದ್ದ ಟೇಪನ್ನು ನೋಡಿ, ಇಷ್ಟೇ ಸಾಕಲ್ಲ ಎಂದು ಪಾಲ್ ವೈಟ್‌ಹೌಸ್ ಮತ್ತು ಚಾರ್ಲಿ ಹಿಗ್ಸನ್ ಅವರಿಗೆ ಹೊಳೆದದ್ದು ಅದರ ಮೂಲ. ಮಾರ್ಕ್ ವಿಲಿಯಮ್ಸ್ ಆಡುವ ಜೆಸ್ಸಿ ಎಂಬ ಹಳ್ಳಿಗ ಷೆಡ್ಡಿನಿಂದ ಹೊರಬರುತ್ತಾನೆ, ಈ ವಾರ ತಾನು ಹೆಚ್ಚಾಗಿ ಏನು ತಿಂದೆ ಎಂದು ಹೇಳುತ್ತಾನೆ, ಒಳಗೆ ಹೋಗುತ್ತಾನೆ. ಮುಗಿಯಿತು. ಅದೇ ಕಾರ್ಯಕ್ರಮದಲ್ಲಿ ಟೆಡ್ ಮತ್ತು ರಾಲ್ಫ್ ಇದ್ದಾರೆ. ಎಸ್ಟೇಟಿನ ಒಡೆಯ ರಾಲ್ಫ್‌ಗೆ ಕೆಲಸದಾಳು ಟೆಡ್ ಮೇಲೆ ಪ್ರೀತಿ, ಹೇಳಲು ಬಾಯಿ ಬರುವುದಿಲ್ಲ. ಅಲ್ಲಿ ನಿಮಿಷಗಟ್ಟಲೆ ಮೌನ. ಜೆಸ್ಸಿಯ ಕ್ಷಣಗಳು ಆ ಮೌನಕ್ಕೆ ಸಮಯ ಗಳಿಸಿಕೊಡುತ್ತವೆ ಎಂಬುದು ಗಡಿಯಾರ ಹಿಡಿದಾಗಲೇ ನನಗೆ ಕಂಡದ್ದು.

ಬ್ರಿಟಿಷ್ ಏಷ್ಯನ್ನರ ಸ್ಕೆಚ್ ಕಾರ್ಯಕ್ರಮ 'ಗುಡ್‌ನೆಸ್ ಗ್ರೇಶಿಯಸ್ ಮಿ' 1998ರಲ್ಲಿ ಟಿವಿಗೆ ಬಂತು, ಅದಕ್ಕೂ ಮೊದಲು ರೇಡಿಯೋ ಫೋರ್‌ನಲ್ಲಿತ್ತು. ಅದರಲ್ಲಿ ಯಾವ ವಸ್ತುವಿನ ಬೆಲೆ ಕೇಳಿದರೂ 'ಇದನ್ನು ನಾನು ಮನೆಯಲ್ಲೇ ಖರ್ಚಿಲ್ಲದೆ ಮಾಡುತ್ತೇನೆ' ಎನ್ನುವ ತಾಯಿಯ ಪಾತ್ರವಿದೆ, ಆಡುವವರು ನೀನಾ ವಾಡಿಯಾ. ಜಗತ್ತಿನ ಎಲ್ಲವೂ ಭಾರತದಿಂದಲೇ ಬಂದದ್ದು ಎನ್ನುವ ತಂದೆಯ ಪಾತ್ರವಿದೆ, ಆಡುವವರು ಸಂಜೀವ್ ಭಾಸ್ಕರ್. ಆ ಮಾತುಗಳು ಹರಡಿದ್ದು ಮಾತಿನ ಚಮತ್ಕಾರದಿಂದಲ್ಲ, ನೋಡಿದವರು ಮರುದಿನ ತಮ್ಮ ಮನೆಯಲ್ಲೇ ಅವನ್ನು ಬಳಸಬಹುದಿತ್ತು. ನನ್ನ ಮೊದಲ ನಿಯಮ ಅಲ್ಲಿಂದ ಬಂತು: ಪ್ರೇಕ್ಷಕ ಮನೆಗೆ ಕೊಂಡೊಯ್ದು ಬಳಸಲಾರದ ಕ್ಯಾಚ್‌ಫ್ರೇಸ್ ಬರೆಯಬೇಡಿ.

ಕಷ್ಟ ಇರುವುದು ಸಮಯದಲ್ಲಿ. ಟಿವಿಗೆ ಆರು ವಾರ ಸಿಗುತ್ತದೆ. ಕ್ಯಾಥರೀನ್ ಟೇಟ್ ಆಡುವ ಲಾರೆನ್ ಎಂಬ ಉಡಾಫೆ ಹುಡುಗಿಯ 'ಆ್ಯಮ್ ಐ ಬಾದರ್ಡ್' (ನನಗೇನಂತೆ) ಎಷ್ಟು ಹಬ್ಬಿತೆಂದರೆ 2007ರಲ್ಲಿ ಕಾಮಿಕ್ ರಿಲೀಫ್ ಎಂಬ ದತ್ತಿ ಟಿವಿ ಕಾರ್ಯಕ್ರಮದಲ್ಲಿ ಪ್ರಧಾನಿ ಟೋನಿ ಬ್ಲೇರ್ ಅವರೇ ಅವಳಿಗೆ ಅದನ್ನು ತಿರುಗಿಸಿ ಹೇಳಿದರು. ನನ್ನ ಬಳಿ ಇದ್ದದ್ದು 55 ನಿಮಿಷ, ಅಪರಿಚಿತರ ಕೋಣೆ. ಮಾತನ್ನು ಕಲಿಸಿ, ಹಳೆಯದಾಗಿಸಿ, ಅದರ ಫಲವನ್ನೂ ಅಷ್ಟರಲ್ಲೇ ಪಡೆಯಬೇಕು.

ಡೆರೆಕ್ ಗ್ಯಾಸ್ ಮೀಟರ್ ಓದುವ ಕೆಲಸದಿಂದ ನಿವೃತ್ತನಾದವನು. ಕಾರ್ಡಿಗನ್, ಕಾರ್ಡುರಾಯ್ ಪ್ಯಾಂಟು, ಕೈಯಲ್ಲಿ ಟೀ ಮಗ್. ಇಂಗ್ಲಿಷರು ಇನ್ನೊಬ್ಬರ ಮನೆಯಿಂದ ಹೊರಡುವಾಗ ಎರಡೂ ತೊಡೆ ತಟ್ಟಿ 'ರೈಟ್' ಎನ್ನುತ್ತಾರಲ್ಲ, ಅವನೂ ಹಾಗೇ ತಟ್ಟುತ್ತಾನೆ. ಆದರೆ ಹೊರಡುವುದಿಲ್ಲ. ಯಾರ್ಕ್‌ಷೈರಿನ ಮಾವನನ್ನು ನೋಡಿ ಬರೆದಿರಾ ಎಂದು ಹಲವರು ಕೇಳಿದ್ದಾರೆ. ಬರೆದದ್ದು ತುಮಕೂರಿನ ನಮ್ಮ ದೊಡ್ಡಪ್ಪನನ್ನು ನೋಡಿ. 'ಹೋಗಿ ಬರುತ್ತೇನೆ' ಎಂದು ಎದ್ದು, ಚಪ್ಪಲಿ ಮೆಟ್ಟಿ, ಗೇಟಿನ ಚಿಲಕದ ಮೇಲೆ ಕೈಯಿಟ್ಟು ಮುಕ್ಕಾಲು ಗಂಟೆ ಜಮೀನಿನ ವ್ಯಾಜ್ಯ ಹೇಳುವವರು. ಇದು ಅವರಿಗೆ ಗೊತ್ತಿಲ್ಲ. ಡೆರೆಕ್‌ನ ಮಾತು ಹಾದಿ ಬಿಟ್ಟು ಅಲೆಯುವ ಲಯವನ್ನು ಮಾತ್ರ 'ದ ಟೂ ರಾನೀಸ್' ಕಾರ್ಯಕ್ರಮದಲ್ಲಿ ದೊಡ್ಡ ಕುರ್ಚಿಯಲ್ಲಿ ಕುಳಿತು ಕಥೆ ಹೇಳುತ್ತಿದ್ದ ರಾನಿ ಕಾರ್ಬೆಟ್ ಅವರಿಂದ ಕದ್ದೆ.

ಭಾರತೀಯ ಮುಖವಿದೆ, ಅಂಗಡಿಯವನ ಪಾತ್ರ ಮಾಡು, ಉಚ್ಚಾರಣೆ ಎಳೆದು ಮಾತಾಡು ಎಂದು ಹಿತವಚನ ಹೇಳಿದವರಿದ್ದರು. ಕಂದು ಬಣ್ಣದ ಡೆರೆಕ್‌ಗೆ ನಾನು ಒಂದು ಸಾಲಿನ ವಿವರಣೆಯನ್ನೂ ಬರೆಯಲಿಲ್ಲ. ಒಬ್ಬ ಪ್ರೇಕ್ಷಕನೂ ಕೇಳಲಿಲ್ಲ.

ಮೊದಲ ಕರಡಿನಲ್ಲಿ ಡೆರೆಕ್‌ಗೆ ನಾಲ್ಕು ಸ್ಕೆಚ್‌ಗಳಿದ್ದವು: ನೆರೆಮನೆ, ಆಸ್ಪತ್ರೆ, ಕಚೇರಿ, ಶವಸಂಸ್ಕಾರ. ಲೆಸ್ಟರ್‌ನಲ್ಲಿ ಪ್ರತಿ ಫೆಬ್ರವರಿ ನಡೆಯುವ ಹಾಸ್ಯೋತ್ಸವದಲ್ಲಿ ಪರೀಕ್ಷಿಸಿದೆವು. ಮೊದಲನೆಯದಕ್ಕೆ ಜೋರು ನಗು, ಎರಡನೆಯದಕ್ಕೆ ಇನ್ನೂ ಜೋರು, ಮೂರನೆಯದಕ್ಕೆ ಸೌಜನ್ಯದ ನಗು, ನಾಲ್ಕನೆಯದಕ್ಕೆ ಕೆಮ್ಮು. ಕಾರ್ಡಿಗನ್ ಕಂಡ ಕೂಡಲೇ ಜನರಿಗೆ ಮುಂದಿನ ಎರಡು ನಿಮಿಷ ಗೊತ್ತಾಗಿಬಿಡುತ್ತಿತ್ತು. ತಂಡದಲ್ಲಿ ನಾಟಿಂಗ್‌ಹ್ಯಾಮಿನ ಹುಡುಗಿಯೊಬ್ಬಳಿದ್ದಾಳೆ, ನಮ್ಮೆಲ್ಲರಿಗಿಂತ ಒಳ್ಳೆಯ ನಟಿ. ಅವಳು ಹಿಂದಿರುಗುವ ದಾರಿಯಲ್ಲೇ ಡೆರೆಕ್‌ನನ್ನು ಕೊಂದುಬಿಡೋಣ ಎಂದಳು. ಅವಳು ಬರೆದಿದ್ದ ಶಸ್ತ್ರಚಿಕಿತ್ಸೆಯ ಸ್ಕೆಚ್ಚಿಗೆ ಕೊನೆ ಸಿಗದೆ ತಿಂಗಳುಗಳಾಗಿದ್ದವು. ಕೊಲ್ಲುವ ಮೊದಲು ಅವನನ್ನು ನಿನ್ನ ಸ್ಕೆಚ್ಚಿಗೆ ಒಮ್ಮೆ ಬಿಡು ಎಂದೆ.

ಈ ಯೋಚನೆ ಬಂದದ್ದು ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದಿಂದ. ಪಂಚ್ ಲೈನ್ ಹುಡುಕುವ ಗೋಜೇ ಬೇಡವೆಂದು ಅವರು 1969ರಲ್ಲೇ ನಿರ್ಧರಿಸಿದ್ದರು. ಗ್ರಹಾಂ ಚ್ಯಾಪ್‌ಮನ್ ಆಡುವ ಕರ್ನಲ್ ಬಂದು, ಇದು ತೀರಾ ಹುಚ್ಚಾಟವಾಯಿತು ಎಂದು ಸ್ಕೆಚ್ಚನ್ನೇ ನಿಲ್ಲಿಸುತ್ತಾನೆ. ಇಲ್ಲವೇ ಯಾರ ತಲೆಯ ಮೇಲಾದರೂ '16 ಟನ್' ಎಂದು ಬರೆದ ಲೋಹದ ತೂಕದ ಬಟ್ಟು ಬೀಳುತ್ತದೆ. ಮರಳಿ ಬರುವ ಪಾತ್ರಕ್ಕೆ ತನ್ನದೇ ಸ್ಕೆಚ್ ಇರಬೇಕಿಲ್ಲ, ಇತರರ ಸ್ಕೆಚ್ಚಿಗೆ ಅವನೇ ಕೊನೆಯಾಗಬಹುದು. ನನ್ನ ಇಡೀ ವಿಧಾನ ಇಷ್ಟೇ. ಎಲ್ಲಿಂದಲೂ ಹೊರಡಲಾರದವನು, ಮುಗಿಯಲಾರದ ಸ್ಕೆಚ್‌ಗಳನ್ನು ಮುಗಿಸುತ್ತಾನೆ.

ಆ ಸ್ಕೆಚ್ ಈಗ ಹೀಗಿದೆ. ರೋಗಿಯ ಹೊಟ್ಟೆ ತೆರೆದಿದೆ, ಇಬ್ಬರು ಸರ್ಜನ್‌ಗಳು ಪಾರ್ಕಿಂಗ್ ಜಾಗಕ್ಕಾಗಿ ಜಗಳವಾಡುತ್ತಿದ್ದಾರೆ, ಜಗಳ ತಾರಕಕ್ಕೇರಿದೆ. ಡೆರೆಕ್ ಟೀ ಮಗ್ ಹಿಡಿದು ಬಂದು ರೋಗಿಯ ಕಾಲಬಳಿ ಸ್ಟೂಲಿನ ಮೇಲೆ ಕೂರುತ್ತಾನೆ. ಏನೂ ಹೇಳುವುದಿಲ್ಲ. ಅತಿಥಿ ಬಂದ ಮೇಲೆ ಜಗಳವಾಡುವುದು ಹೇಗೆ? ಸರ್ಜನ್‌ಗಳ ದನಿ ತಗ್ಗುತ್ತದೆ. ಒಬ್ಬಳು ಗ್ಲೌಸ್ ತೊಟ್ಟ ಕೈಯಲ್ಲೇ ಬಿಸ್ಕತ್ತಿನ ತಟ್ಟೆ ನೀಡುತ್ತಾಳೆ. ಡೆರೆಕ್ ಬಿಸ್ಕತ್ತು ಅದ್ದಿ ತಿನ್ನುತ್ತಾನೆ. ಮಗ್ ಕೆಳಗಿಡುತ್ತಾನೆ. ತೊಡೆ ತಟ್ಟಿ, 'ರೈಟ್.' ಬೀಳ್ಕೊಡಲು ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ, ರೋಗಿಯೂ ತಲೆಯೆತ್ತುತ್ತಾನೆ. 'ಈ ಹೊತ್ತಿಗೆ ಎಂ25 ಹೇಗಿರುತ್ತದೋ' ಎನ್ನುತ್ತಾನೆ ಡೆರೆಕ್, ಲಂಡನ್ ಸುತ್ತುವ ಹೆದ್ದಾರಿಯನ್ನು ನೆನೆದು. ಎಲ್ಲರೂ ಕುಸಿಯುತ್ತಾರೆ. ಬ್ಲ್ಯಾಕ್‌ಔಟ್.

ಕ್ರಮವೂ ಮುಖ್ಯ. ಆರಂಭದಲ್ಲೇ ಅವನನ್ನು ತರಬೇಡಿ, ಏಳೆಂಟು ನಿಮಿಷ ಕಳೆಯಲಿ. ಮೊದಲ ಸಲ ಅವನದೇ ಸ್ಕೆಚ್, ಪೂರ್ತಿ ಎರಡೂವರೆ ನಿಮಿಷ. ಅದು ಪಾಠ. ಬಳಿಕ ಬೇಗನೆ ಇನ್ನೊಬ್ಬರ ಸ್ಕೆಚ್ಚಿಗೆ ಅರ್ಧ ನಿಮಿಷದ ದಾಳಿ. ಮೂರನೆಯದು ಶಸ್ತ್ರಚಿಕಿತ್ಸೆ. ಆಮೇಲೆ ಹದಿನೈದು ನಿಮಿಷ ಅವನ ಸುಳಿವೇ ಇರಬಾರದು, ಜನ ಅವನಿಗಾಗಿ ವೇದಿಕೆಯ ಅಂಚಿನ ಪರದೆಯ ಕಡೆ ಕಣ್ಣು ಹಾಯಿಸಬೇಕು. ಕೊನೆಯ ಸ್ಕೆಚ್ಚಿನಲ್ಲಿ ಬಂದು, ಕುಳಿತು, ತೊಡೆ ತಟ್ಟಿ, 'ರೈಟ್' ಎಂದು ನಿಜಕ್ಕೂ ಎದ್ದು ಹೋಗಿಬಿಡುತ್ತಾನೆ. ವೇದಿಕೆಯ ಮೇಲಿನ ಮೂವರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. ಇಡೀ ರಾತ್ರಿಯ ದೊಡ್ಡ ನಗು ಅಲ್ಲಿ ಬರುತ್ತಿತ್ತು, ಎರಡು ಸಲ ಜನ ಎದ್ದು ಅವನನ್ನು ಕೂಗಿ ಕರೆದರು. ದೀಪ ಆರಿಸುವ ಮೊದಲು ಆ ಮೂವರನ್ನು ಎಷ್ಟು ಸೆಕೆಂಡ್ ನಿಲ್ಲಿಸುತ್ತೇವೆ ಎಂದು ಇಲ್ಲಿ ಬರೆಯುವುದಿಲ್ಲ. ಕಾರ್ಡುರಾಯ್ ಬಟ್ಟೆಯ ಮೇಲೆ ತಟ್ಟಿದರೆ ಸದ್ದೇ ಬರುವುದಿಲ್ಲ, ನನ್ನದು ಕೊನೆಯ ಸಾಲಿಗೂ ಕೇಳುತ್ತದೆ. ತೊಡೆಯ ಒಳಗೆ ಏನು ಹೊಲಿಸಿದ್ದೇನೆ ಎಂಬುದನ್ನೂ ಹೇಳುವುದಿಲ್ಲ.

ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆವು. ತಂಡದ ಇನ್ನೊಬ್ಬ ಗೆಳೆಯ ಒರಟು ಹದಿಹರೆಯದವಳೊಬ್ಬಳನ್ನು ಬರೆದ. ಅವಳು ಲಾರೆನ್‌ನ ತಂಗಿಯಂತೆಯೂ 'ಲಿಟಲ್ ಬ್ರಿಟನ್' ಕಾರ್ಯಕ್ರಮದ ವಿಕಿ ಪೊಲಾರ್ಡ್‌ಳ ನೆರಳಿನಂತೆಯೂ ಇದ್ದಳು. ಬಡ ಹುಡುಗಿಯನ್ನು ನೋಡಿ ಓದಿದವರು ನಗುವುದು ನನಗಂತೂ ಈಗ ಸಹಿಸುವುದಿಲ್ಲ. ಆ ಕಾರ್ಯಕ್ರಮವನ್ನು, ಬಿಳಿಯ ನಟರು ಮುಖಕ್ಕೆ ಕಪ್ಪು ಬಣ್ಣ ಬಳಿದು ಆಡಿದ ಪಾತ್ರಗಳ ಕಾರಣಕ್ಕೆ, ಬಿಬಿಸಿ 2020ರಲ್ಲಿ ತನ್ನ ಆನ್‌ಲೈನ್ ಸೇವೆಯಾದ ಐಪ್ಲೇಯರ್‌ನಿಂದ ತೆಗೆದಿತ್ತು ಎಂಬುದೂ ನೆನಪಿರಲಿ. ಎರಡು ಪ್ರದರ್ಶನಗಳ ನಂತರ ಅವಳನ್ನು ಬಿಟ್ಟೆವು. ರೇಡಿಯೋಗೆ ಕಳಿಸಿದ ಡೆರೆಕ್ ತಿರಸ್ಕೃತನಾದ. ಸುಮ್ಮನೆ ಕುಳಿತಿರುವವನನ್ನು ಕಿವಿಗೆ ಕೇಳಿಸುವುದು ಹೇಗೆ?

ಕನ್ನಡ ಸಂಘದ ದೀಪಾವಳಿಯಲ್ಲಿ ಅವನನ್ನು ಕನ್ನಡದಲ್ಲಿ ಆಡಿದ್ದು ಹೆಚ್ಚು ಸ್ವಾರಸ್ಯದ ಸೋಲು. ಪಂಚೆ ಉಟ್ಟು, 'ಸರಿ, ಬರುತ್ತೇನೆ' ಎಂದು ಮತ್ತೆ ಕುಳಿತೆ. ಯಾರೂ ನಗಲಿಲ್ಲ. ನಮ್ಮವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ, ಹೊರಟವರು ಅರ್ಧ ಗಂಟೆ ನಿಲ್ಲದಿದ್ದರೆ ಏನೋ ಬೇಸರವಾಗಿದೆ ಎಂದೇ ಲೆಕ್ಕ. ಎದುರಿನ ನಟ ಗಾಬರಿಯಿಂದ, 'ಆಯಿತು, ಹೋಗಿ ಬನ್ನಿ' ಎಂದು ಬಾಗಿಲು ಹಾಕಿದಾಗ ಸಭೆ ಹೋ ಎಂದು ನಕ್ಕಿತು. ಅವರಿಗೆ ಹುಚ್ಚನಾಗಿ ಕಂಡವನು ಮನೆಯ ಯಜಮಾನ. ಈ ವರ್ಷ ಕನ್ನಡದಲ್ಲಿ ಆಡುವಾಗ ಪಾತ್ರವನ್ನೇ ಅದಲುಬದಲು ಮಾಡುವವನಿದ್ದೇನೆ: ಅತಿಥಿ ಎದ್ದ ಕೂಡಲೇ ಬಾಗಿಲು ಹಾಕುವವನು.

ಎರಡನೆಯ ಸಲದ ಹಣದ ಲೆಕ್ಕ ಹೀಗೆ. ಕೋಣೆಗೆ ಬಾಡಿಗೆಯಿಲ್ಲದ, ಟಿಕೆಟ್ ಬದಲು ಕೊನೆಯಲ್ಲಿ ಪ್ರೇಕ್ಷಕರು ಇಷ್ಟಬಂದಷ್ಟು ಹಣ ಹಾಕಲೆಂದು ಬಕೆಟ್ ಹಿಡಿಯುವ ವ್ಯವಸ್ಥೆಗೆ ಹೋದೆವು. ಮನೆ ಬಾಡಿಗೆಯೇ 3,800ರ ಹತ್ತಿರ, ನಾಲ್ವರು ಎರಡು ಕೋಣೆಯಲ್ಲಿ. ನೋಂದಣಿಗೆ 400ರ ಆಸುಪಾಸು, ಕರಪತ್ರ, ರೈಲು ಇತ್ಯಾದಿಗೆ ಇನ್ನೊಂದು 450. ಚ್ಯಾರಿಟಿ ಅಂಗಡಿಯ ಕಾರ್ಡಿಗನ್ 6 ಪೌಂಡ್. ಬಕೆಟ್‌ಗೆ ಮೊದಲ ವಾರ ದಿನಕ್ಕೆ 60, 70 ಬೀಳುತ್ತಿತ್ತು, ಕೊನೆಯ ವಾರ 250 ದಾಟಿದ ದಿನಗಳಿದ್ದವು. ಒಟ್ಟು 4,000 ಬಂದಿರಬೇಕು. ನಷ್ಟ ತಲಾ 150, 160. ಫ್ರಿಂಜ್ ಬಲ್ಲವರು ಇದನ್ನು ಲಾಭವೆನ್ನುತ್ತಾರೆ. ಕಾರ್ಡ್ ರೀಡರ್ ಇಲ್ಲದೆ ಬಕೆಟ್ ಹಿಡಿಯಬೇಡಿ, ಈಗ ಯಾರ ಜೇಬಿನಲ್ಲೂ ಚಿಲ್ಲರೆ ಇಲ್ಲ.

ಜನ ಹೆಚ್ಚಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಎಡಿನ್‌ಬರೋದ ರಾಯಲ್ ಮೈಲ್ ಬೀದಿಯಲ್ಲಿ ಸಾವಿರಾರು ಜನ ಕರಪತ್ರ ತುರುಕುತ್ತಾರೆ. ನಾನು ಕಾರ್ಡಿಗನ್ ತೊಟ್ಟು ಮಳೆಯಲ್ಲಿ ಯಾರಾದರೊಬ್ಬರ ಪಕ್ಕ ನಿಂತು, ಕರಪತ್ರ ಕೊಟ್ಟು, 'ರೈಟ್, ನಿಮ್ಮನ್ನು ಹೆಚ್ಚು ಹೊತ್ತು ಹಿಡಿಯುವುದಿಲ್ಲ' ಎಂದು ಅಲ್ಲೇ ನಿಲ್ಲುತ್ತಿದ್ದೆ. ಐದಾರು ಜನರಲ್ಲಿ ಒಬ್ಬರಾದರೂ ಸಂಜೆ ಬರುತ್ತಿದ್ದರು, ಸ್ನೇಹಿತರನ್ನೂ ಕರೆತರುತ್ತಿದ್ದರು. ಮೂವತ್ತು ಜನಕ್ಕೆ ಪಾಠ ಮೊದಲೇ ಆಗಿರುತ್ತಿದ್ದರಿಂದ ವೇದಿಕೆಯ ಮೊದಲ ಸ್ಕೆಚ್ಚನ್ನು ಎರಡನೆಯ ವಾರದಲ್ಲಿ ಒಂದೂವರೆ ನಿಮಿಷಕ್ಕೆ ಇಳಿಸಿದೆ.

ನಾಟಿಂಗ್‌ಹ್ಯಾಮಿನ ಹುಡುಗಿ ಈಗ ತನಗೂ ಮರಳಿ ಬರುವ ಪಾತ್ರ ಬೇಕು ಎನ್ನುತ್ತಿದ್ದಾಳೆ. ಮೂರು ಕರಡು ಓದಿದೆ. ಒಂದರಲ್ಲಿ ಡೆರೆಕ್‌ನ ಹೆಂಡತಿ ಇದ್ದಾಳೆ, ಅವನು ಬಂದ ಕಡೆಯಲ್ಲೆಲ್ಲ ಹೊರಗೆ ಕಾರಿನಲ್ಲಿ ಎಂಜಿನ್ ಚಾಲೂ ಇಟ್ಟು ಕಾಯುತ್ತಿರುತ್ತಾಳೆ, ಆಗಾಗ ಹಾರ್ನ್ ಹೊಡೆಯುತ್ತಾಳೆ. ವೇದಿಕೆಗೆ ಬರುವುದೇ ಇಲ್ಲ. ಅದನ್ನೇ ಮುಂದುವರಿಸು ಎಂದಿದ್ದೇನೆ. ಹಾರ್ನ್ ಒಂದಕ್ಕೆ ಇಂಟರ್ನೆಟ್‌ನಲ್ಲಿ 12 ಪೌಂಡ್ ಕೇಳುತ್ತಿದ್ದಾರೆ, ಗುಜರಿ ಅಂಗಡಿಯಲ್ಲಿ ನೋಡಬೇಕು.