ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್ ಭಾಗವನ್ನು ನಾನು ಅಭ್ಯಾಸ ಮಾಡಿದ ಬಗೆ

ಬ್ಯಾಂಕುಗಳಿಗೆ ನೌಕರರನ್ನು ಆಯ್ಕೆ ಮಾಡುವ ಐಬಿಪಿಎಸ್ ಸಂಸ್ಥೆ ನಡೆಸುವ ಕ್ಲರ್ಕ್ ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಿ ನಾನು ಎರಡು ಸಲ, 2019ರಲ್ಲಿ ಒಮ್ಮೆ ಮತ್ತು 2020ರಲ್ಲಿ ಮತ್ತೊಮ್ಮೆ, ಅನುತ್ತೀರ್ಣನಾದೆ. ಎರಡೂ ಸಲ ನನ್ನನ್ನು ತಡೆದದ್ದು ಇಂಗ್ಲಿಷ್ ಭಾಗವೇ. ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಕಲಬುರಗಿಯಲ್ಲಿ ಬಿ.ಕಾಂ. ಮುಗಿಸಿದ ನನಗೆ ಲೆಕ್ಕವಾಗಲಿ ರೀಸನಿಂಗ್ ಆಗಲಿ ಅಷ್ಟು ಕಷ್ಟವೆನಿಸಿರಲಿಲ್ಲ. ಆದರೆ ಈ ಪರೀಕ್ಷೆಯಲ್ಲಿ ಒಟ್ಟು ಅಂಕ ಎಷ್ಟೇ ಬಂದರೂ ಪ್ರತಿ ಭಾಗದಲ್ಲಿಯೂ ಕನಿಷ್ಠ ಅಂಕ ಬರಲೇಬೇಕು. ಇಂಗ್ಲಿಷಿಗೆ 30 ಪ್ರಶ್ನೆ, 30 ಅಂಕ, 20 ನಿಮಿಷ. ಅಂದರೆ ಒಂದು ಪ್ರಶ್ನೆಗೆ 40 ಸೆಕೆಂಡು. ಅವಧಿ ಮುಗಿದೊಡನೆ ಆ ಭಾಗ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಲೆಕ್ಕದಲ್ಲಿ ಉಳಿಸಿದ ಸಮಯವನ್ನು ಇಲ್ಲಿಗೆ ತಂದು ಸುರಿಯಲು ಬರುವುದಿಲ್ಲ. ಕಲ್ಯಾಣ ಕರ್ನಾಟಕದ ನಮ್ಮ ಭಾಗದವರಿಗೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ಬ್ಯಾಂಕ್ ಪರೀಕ್ಷೆಗೆ ಅದು ಅನ್ವಯಿಸುವುದಿಲ್ಲ.

ಮೊದಲ ಎರಡು ವರ್ಷ ನಾನು ಮಾಡಿದ ಅಭ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ನಗರದ ಒಂದು ಕೋಚಿಂಗ್ ಕೇಂದ್ರಕ್ಕೆ ಹಣ ಕಟ್ಟಿದೆ. ಅಲ್ಲಿ ವ್ಯಾಕರಣದ ನೂರಕ್ಕೂ ಹೆಚ್ಚು ನಿಯಮಗಳನ್ನು ಒಂದರ ಕೆಳಗೊಂದು ಬರೆಸಿದರು, ನಾನು ಬರೆದುಕೊಂಡೆ. ಜೊತೆಗೆ ದಪ್ಪ ಪುಸ್ತಕವೊಂದರಿಂದ ದಿನಕ್ಕೆ 30 ಪದಗಳಂತೆ ಅರ್ಥ ಬಾಯಿಪಾಠ ಮಾಡಿದೆ. ಐದು ತಿಂಗಳ ಮೇಲೆ ಲೆಕ್ಕ ಹಾಕಿದರೆ ಆ ಪದಗಳಲ್ಲಿ ಬಹುಪಾಲು ಯಾವ ಮಾದರಿ ಪ್ರಶ್ನೆಪತ್ರಿಕೆಯಲ್ಲೂ ಕಾಣಿಸಿಕೊಂಡಿರಲಿಲ್ಲ, ಕಾಣಿಸಿಕೊಂಡವು ನನಗೆ ನೆನಪಿರಲಿಲ್ಲ. ನಿಯಮಗಳ ಕಥೆಯೂ ಅಷ್ಟೇ: ಕೇಳಿದರೆ ಹೇಳುತ್ತಿದ್ದೆ, ವಾಕ್ಯದೊಳಗೆ ಅವು ಎದುರಾದಾಗ ಗುರುತು ಹಿಡಿಯುತ್ತಿರಲಿಲ್ಲ.

ದಾರಿ ಬದಲಾದದ್ದು 2021ರ ಆರಂಭದಲ್ಲಿ, ಸೇಡಂ ರಸ್ತೆಯ ಕಡೆಯ ನಮ್ಮ ಬಾಡಿಗೆ ಕೋಣೆಯಲ್ಲಿ. ನನ್ನ ಜೊತೆಗಿದ್ದ ಗೆಳೆಯ ಪೊಲೀಸ್ ಪೇದೆಯ ಪರೀಕ್ಷೆಗೆ ಓದುತ್ತಿದ್ದ, ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಒಂದು ರಾತ್ರಿ ಮೊಬೈಲಿನಲ್ಲಿ ಮಾದರಿ ಪರೀಕ್ಷೆ ಮುಗಿಸಿ, ತಪ್ಪಾದ ಪ್ರಶ್ನೆಯೊಂದನ್ನು ಗಟ್ಟಿಯಾಗಿ ಓದಿದೆ: ‘ಐ ಆ್ಯಮ್ ಸ್ಟೇಯಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್.’ ಇದರಲ್ಲಿ ತಪ್ಪಿಲ್ಲ ಎಂದು ನಾನು ಗುರುತು ಹಾಕಿದ್ದೆ.

“ಅದು ಕನ್ನಡದಾಗ ಏನಾತದ ಹೇಳು” ಎಂದ ಅವನು.

“ಮೂರು ವರ್ಷದಿಂದ ಇಲ್ಲೇ ಇದ್ದೀನಿ.”

“ಮತ್ ಸರಿನೇ ಅದಲ್ಲೋ, ತಪ್ಪೆಲ್ಲದ?”

ಅವನ ಮಾತು ಸರಿಯಾಗಿಯೇ ಇತ್ತು. ಕನ್ನಡದಲ್ಲಿ ಅದು ತಪ್ಪಲ್ಲ, ಆದುದರಿಂದಲೇ ನನಗೂ ತಪ್ಪೆಂದು ತೋರಿರಲಿಲ್ಲ. ‘2018ರಿಂದ’ ಎಂದರೂ ‘ಮೂರು ವರ್ಷದಿಂದ’ ಎಂದರೂ ನಮಗೆ ‘ಇಂದ’ ಒಂದೇ. ಇಂಗ್ಲಿಷಿನಲ್ಲಿ ಕಾಲದ ಒಂದು ಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’. ಹಾಗೆಯೇ ಇಂದಿಗೂ ಮುಂದುವರಿದಿರುವ ಕೆಲಸಕ್ಕೆ ನಾವು ‘ಇದ್ದೇನೆ’ ಎಂಬ ವರ್ತಮಾನವನ್ನೇ ಬಳಸುತ್ತೇವೆ, ಅವರು ‘ಹ್ಯಾವ್ ಬೀನ್’ ಎನ್ನುತ್ತಾರೆ. ಒಂದೇ ವಾಕ್ಯದಲ್ಲಿ ಎರಡು ತಪ್ಪು, ಎರಡಕ್ಕೂ ಮೂಲ ನನ್ನ ಮಾತೃಭಾಷೆ. ಮರುದಿನ 200 ಪುಟದ ನೋಟುಪುಸ್ತಕವೊಂದನ್ನು ತಂದು, ಪ್ರತಿ ಪುಟವನ್ನು ಎರಡು ಕಾಲಂ ಮಾಡಿದೆ. ಎಡಕ್ಕೆ ನಾನು ತಪ್ಪಿದ ಇಂಗ್ಲಿಷ್ ವಾಕ್ಯ, ಬಲಕ್ಕೆ ಆ ಕ್ಷಣದಲ್ಲಿ ನನ್ನ ತಲೆಯಲ್ಲಿದ್ದ ಕನ್ನಡ ವಾಕ್ಯ. ನಿಯಮವನ್ನು ಬರೆಯಲೇ ಇಲ್ಲ. ಗೆಳೆಯನಿಗೆ ಕನ್ನಡದಲ್ಲಿ ವಿವರಿಸಲು ಬಾರದ ತಪ್ಪಿನ ಮುಂದೆ ಕೆಂಪು ಚುಕ್ಕೆ ಇಡುತ್ತಿದ್ದೆ. ಅವನು ಬೇಸರವಿಲ್ಲದೆ ಕೇಳಿದ್ದು ನನ್ನ ಪುಣ್ಯ.

ಸುಮಾರು ಎರಡು ತಿಂಗಳಲ್ಲಿ ಪುಸ್ತಕ ಅರ್ಧ ತುಂಬಿತು. ತಿರುವಿ ನೋಡಿದಾಗ, ನೂರಾರು ಬಗೆಯವೆಂದು ನಾನು ತಿಳಿದಿದ್ದ ತಪ್ಪುಗಳು ಏಳೆಂಟು ಬಗೆಯವಷ್ಟೇ ಎಂಬುದು ಗೊತ್ತಾಯಿತು. ಹೆಚ್ಚು ಪುಟ ತಿಂದದ್ದು ವಿಭಕ್ತಿ ಪ್ರತ್ಯಯಗಳ ಗುಂಪು. ನಾವು ಬೀದರಕ್ಕೆ ಮುಟ್ಟುತ್ತೇವೆ, ಹೀಗಾಗಿ ‘ರೀಚ್ಡ್ ಟು ಬೀದರ್’ ಎಂಬುದು ಕಿವಿಗೆ ಹಿತವಾಗಿ ಕೇಳಿಸುತ್ತದೆ. ಇಂಗ್ಲಿಷಿನ ‘ರೀಚ್’ ಮುಂದೆ ‘ಟು’ ಬರುವುದಿಲ್ಲ. ವಿಷಯದ ಬಗ್ಗೆ ಚರ್ಚಿಸುತ್ತೇವೆ, ಆದ್ದರಿಂದ ‘ಡಿಸ್ಕಸ್ ಅಬೌಟ್’. ಅಲ್ಲಿ ‘ಅಬೌಟ್’ ಬೇಡ. ಅವನು ನನಗಿಂತ ಹಿರಿಯ, ಆದ್ದರಿಂದ ‘ಸೀನಿಯರ್ ದ್ಯಾನ್’. ಅಲ್ಲಿ ಬೇಕಾದದ್ದು ‘ಟು’. ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಿಫರ್ ಇವೆಲ್ಲ ಅದೇ ಸಾಲಿನವು. ಮಾಹಿತಿ, ಸಲಹೆ ಎಂಬ ಪದಗಳಿಗೆ ನಾವು ‘ಗಳು’ ಹಚ್ಚುತ್ತೇವೆ. ‘ಇನ್ಫರ್ಮೇಶನ್ಸ್’, ‘ಅಡ್ವೈಸಸ್’ ಬಂದದ್ದು ಅಲ್ಲಿಂದ. ಕನ್ನಡವೇ ಕೈ ಹಿಡಿದ ಪುಟಗಳೂ ಇವೆ. ‘ಒನ್ ಆಫ್ ಮೈ ಫ್ರೆಂಡ್’ ಎಂಬುದನ್ನು ನಾನು ಎಷ್ಟೋ ಸಲ ಸರಿಯೆಂದು ಬಿಟ್ಟಿದ್ದೆ, ಆದರೆ ಯಾರೂ ‘ನನ್ನ ಗೆಳೆಯನಲ್ಲಿ ಒಬ್ಬ’ ಎನ್ನುವುದಿಲ್ಲ, ‘ಗೆಳೆಯರಲ್ಲಿ ಒಬ್ಬ’ ಎನ್ನುತ್ತಾರೆ. ಬಲಗಡೆ ಕನ್ನಡ ಬರೆದ ಕೂಡಲೇ ಆ ತಪ್ಪು ತಾನಾಗಿ ಎದ್ದು ಕಂಡಿತು, ಮತ್ತೆಂದೂ ಆಗಲಿಲ್ಲ.

ನನಗೆ ಹೆಚ್ಚು ಅಂಕ ತಂದುಕೊಟ್ಟದ್ದು ಕರ್ತೃ ಮತ್ತು ಕ್ರಿಯಾಪದದ ಹೊಂದಾಣಿಕೆ, ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಮಾದರಿ ವಾಕ್ಯ ಹೀಗಿತ್ತು: ‘ದಿ ಕ್ವಾಲಿಟಿ ಆಫ್ ದಿ ಬ್ಯಾಗ್ಸ್ ಬ್ರಾಟ್ ಟು ದಿ ಮಾರ್ಕೆಟ್ ಬೈ ದಿ ಫಾರ್ಮರ್ಸ್ ವರ್ ಪೂರ್.’ ‘ಫಾರ್ಮರ್ಸ್’ ಬಹುವಚನ, ಪಕ್ಕದಲ್ಲೇ ‘ವರ್’ ಇದೆ, ಹಾಗಾಗಿ ಸರಿ ಎಂದುಕೊಂಡು ಮುಂದೆ ಹೋಗಿದ್ದೆ. ಬಲಗಡೆ ಕನ್ನಡದಲ್ಲಿ ಬರೆದೆ: ‘ರೈತರು ಮಾರುಕಟ್ಟೆಗೆ ತಂದ ಚೀಲಗಳ ಗುಣಮಟ್ಟ ಕಳಪೆಯಾಗಿತ್ತು.’ ನಮ್ಮಲ್ಲಿ ವಿಶೇಷಣಗಳೆಲ್ಲ ಮೊದಲು ಬಂದು, ಯಾವುದರ ಮಾತು ನಡೆದಿದೆಯೋ ಆ ಪದ ಕೊನೆಗೆ, ಕ್ರಿಯಾಪದಕ್ಕೆ ಅಂಟಿಕೊಂಡು ನಿಲ್ಲುತ್ತದೆ. ‘ಗುಣಮಟ್ಟ’ ಏಕವಚನ, ಅದರ ಪಕ್ಕದಲ್ಲೇ ‘ಕಳಪೆಯಾಗಿತ್ತು’. ಕನ್ನಡದಲ್ಲಿ ಈ ತಪ್ಪು ಆಗುವುದೇ ಇಲ್ಲ. ಇಂಗ್ಲಿಷಿನಲ್ಲಿ ಆ ಪದ ಮೊದಲೇ ಬಂದು, ‘ಆಫ್’, ‘ಬೈ’, ‘ಟು’ಗಳ ಬಾಲವೆಲ್ಲ ನಡುವೆ ತೂರಿಕೊಳ್ಳುವುದರಿಂದ ಕ್ರಿಯಾಪದದ ಪಕ್ಕ ನಿಂತದ್ದು ಬೇರೆಯೇ ಪದವಾಗಿರುತ್ತದೆ, ಮತ್ತು ಪ್ರಶ್ನೆ ತೆಗೆಯುವವರು ಆ ಜಾಗದಲ್ಲಿಯೇ ಬಲೆ ಹಾಸಿರುತ್ತಾರೆ. ಅಂದಿನಿಂದ ಉದ್ದನೆಯ ವಾಕ್ಯ ಬಂದರೆ ಇಡೀ ಅನುವಾದಕ್ಕೆ ಹೋಗದೆ, ‘ಕಳಪೆಯಾಗಿತ್ತು, ಯಾವುದು?’ ಎಂದು ಕ್ರಿಯಾಪದದಿಂದ ಹಿಂದಕ್ಕೆ ಕೇಳಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಇದಕ್ಕೆ ನಾಲ್ಕೈದು ಸೆಕೆಂಡು ಸಾಕು.

‘ಎ’ ಮತ್ತು ‘ಆ್ಯನ್’ ವಿಷಯದಲ್ಲಿ ಕನ್ನಡ ಲಿಪಿಯೇ ಉಪಾಯ ಹೇಳಿಕೊಟ್ಟಿತು. ನಿಯಮ ಅಕ್ಷರದ್ದಲ್ಲ, ಉಚ್ಚಾರಣೆಯದು ಎಂದು ಎಲ್ಲ ಪುಸ್ತಕಗಳಲ್ಲಿಯೂ ಬರೆದಿರುತ್ತದೆ. ಆ ಪದವನ್ನು ಕನ್ನಡದಲ್ಲಿ ಬರೆದು ನೋಡಿದರೆ ಮುಗಿಯಿತು: ಆನೆಸ್ಟ್, ಅವರ್, ಎಂ.ಎಲ್.ಎ. ಇವು ಸ್ವರದಿಂದ ಶುರುವಾಗುತ್ತವೆ, ‘ಆ್ಯನ್’ ಬೇಕು. ಯೂನಿವರ್ಸಿಟಿ, ಯೂನಿಯನ್ ಇವು ‘ಯ’ದಿಂದ ಶುರುವಾಗುತ್ತವೆ, ‘ಎ’ ಸಾಕು. ಇದರಿಂದ ಬರುವುದು ಹೆಚ್ಚೆಂದರೆ ಒಂದು ಅಂಕ. ‘ದಿ’ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಮಾತ್ರ ನನಗೆ ಕೊನೆಯವರೆಗೂ ಪೂರ್ತಿ ಹಿಡಿತಕ್ಕೆ ಸಿಗಲಿಲ್ಲ. ನಮ್ಮ ಭಾಷೆಯಲ್ಲಿ ಅದಕ್ಕೆ ಸಮನಾದದ್ದು ಇಲ್ಲದಿರುವುದರಿಂದ ನೋಟುಪುಸ್ತಕದ ಬಲಗಡೆ ಬರೆಯಲು ಏನೂ ಇರುತ್ತಿರಲಿಲ್ಲ.

ಇನ್ನು ಗೊತ್ತಿಲ್ಲದ ಪ್ರಶ್ನೆಗಳನ್ನು ಬಿಡುವ ಲೆಕ್ಕ. ಪ್ರತಿ ತಪ್ಪಿಗೆ ಕಾಲು ಅಂಕ ಕಡಿತ. ಐದು ಆಯ್ಕೆಗಳಿರುವಾಗ ಕಣ್ಣು ಮುಚ್ಚಿ ಐದು ಪ್ರಶ್ನೆಗೆ ಉತ್ತರಿಸಿದರೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ನಾಲ್ಕು ಕಾಲು ಸೇರಿ ಒಂದು ಅಂಕ ಹೋಗಿ ಸೊನ್ನೆ ಉಳಿಯುತ್ತದೆ, ಲಾಭವೂ ಇಲ್ಲ ನಷ್ಟವೂ ಇಲ್ಲ. ಹಾಗಿದ್ದರೆ ಹೊಡೆದರೆ ಏನಂತೆ ಎಂದು ನಾನೂ ವಾದಿಸುತ್ತಿದ್ದೆ. ಆದರೆ ನಾವು ಕಣ್ಣು ಮುಚ್ಚಿ ಹೊಡೆಯುವುದಿಲ್ಲ, ಕಿವಿಗೆ ಯಾವುದು ಹಿತವೋ ಅದನ್ನು ಹೊಡೆಯುತ್ತೇವೆ, ಮತ್ತು ಆ ಕಿವಿ ಕನ್ನಡದ್ದು. ಮಾರ್ಚ್ ತಿಂಗಳ ಒಂದು ಮಾದರಿ ಪರೀಕ್ಷೆಯಲ್ಲಿ 26 ಪ್ರಶ್ನೆಗಳಿಗೆ ಉತ್ತರಿಸಿದ್ದೆ: 14 ಸರಿ, 12 ತಪ್ಪು, ಕೈಗೆ ಬಂದದ್ದು 11. ಆಮೇಲೆ ಪ್ರತಿ ಉತ್ತರಕ್ಕೂ ಹಾಳೆಯಲ್ಲಿ ಗುರುತು ಹಾಕತೊಡಗಿದೆ: ಖಚಿತ, ಎರಡರಲ್ಲಿ ಒಂದು, ಬರೀ ಊಹೆ. ಹತ್ತು ಪರೀಕ್ಷೆಗಳ ಗುರುತುಗಳನ್ನು ಕೂಡಿಸಿದಾಗ ‘ಎರಡರಲ್ಲಿ ಒಂದು’ ಎಂಬುವು ಅರ್ಧಕ್ಕಿಂತ ಹೆಚ್ಚು ಸರಿಯಾಗಿದ್ದವು, ಅವನ್ನು ಬಿಡಬಾರದು. ‘ಬರೀ ಊಹೆ’ಯಲ್ಲಿ ಐದಕ್ಕೆ ಒಂದೂ ಸರಿಯಿರಲಿಲ್ಲ. ಅವನ್ನು ಬಿಟ್ಟೆ. ನವೆಂಬರ್ ಹೊತ್ತಿಗೆ 20 ಪ್ರಶ್ನೆಗೆ ಉತ್ತರಿಸಿ 17 ಸರಿ, 3 ತಪ್ಪು, ಅಂದರೆ 16.25 ಅಂಕ ಬರುವ ಮಟ್ಟಕ್ಕೆ ತಲುಪಿದ್ದೆ.

ಆ ವರ್ಷ ನಮಗೆ ಹೆಚ್ಚಿನ ಕಾಲಾವಕಾಶವೂ ಸಿಕ್ಕಿತು. ಜುಲೈಯಲ್ಲಿ ಹೊರಟ ಅಧಿಸೂಚನೆಯನ್ನು ಪ್ರಾದೇಶಿಕ ಭಾಷೆಗಳ ಪ್ರಶ್ನೆಯ ಮೇಲೆ ತಡೆಹಿಡಿದರು. ಸೆಪ್ಟೆಂಬರ್ 30ರಂದು ಹಣಕಾಸು ಸಚಿವಾಲಯ, ಕ್ಲರ್ಕ್ ಪರೀಕ್ಷೆಗಳನ್ನು ಇಂಗ್ಲಿಷ್ ಮತ್ತು ಹಿಂದಿಯ ಜೊತೆಗೆ 13 ಪ್ರಾದೇಶಿಕ ಭಾಷೆಗಳಲ್ಲಿಯೂ ನಡೆಸಬೇಕೆಂದು ಪ್ರಕಟಿಸಿತು. ನಮ್ಮ ಕಡೆ ಕೆಲವರು ಇನ್ನು ಇಂಗ್ಲಿಷ್ ಓದುವ ಕೆಲಸವಿಲ್ಲವೆಂದು ಸಂಭ್ರಮಪಟ್ಟರು. ಆದರೆ ಕನ್ನಡಕ್ಕೆ ಬಂದದ್ದು ಉಳಿದ ವಿಷಯಗಳ ಪ್ರಶ್ನೆಗಳು. ಇಂಗ್ಲಿಷ್ ಭಾಗ ತನ್ನ 30 ಅಂಕಗಳೊಂದಿಗೆ ಇದ್ದಲ್ಲಿಯೇ ಇತ್ತು.

ಹೆಚ್ಚುವರಿಯಾಗಿ ದೊರೆತ ತಿಂಗಳುಗಳನ್ನು ನಾನು ಗದ್ಯಭಾಗ ಓದುವುದಕ್ಕೆ ಮೀಸಲಿಟ್ಟೆ. ನಗರ ಕೇಂದ್ರ ಗ್ರಂಥಾಲಯದಲ್ಲಿ ಕುಳಿತು ಮೊದಲು ಕನ್ನಡ ಪತ್ರಿಕೆಯ ವಾಣಿಜ್ಯ ಪುಟ, ನಂತರ ಅದೇ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದುತ್ತಿದ್ದೆ. ಅಕ್ಟೋಬರ್ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ ದರವನ್ನು, ಶೇ 4ರಲ್ಲಿಯೇ ಉಳಿಸಿದಾಗ, ಹೊಂದಾಣಿಕೆಯ ನಿಲುವು ಮುಂದುವರಿದಿದೆ ಎಂದು ಕನ್ನಡದಲ್ಲಿ ಓದಿ, ಇಂಗ್ಲಿಷಿನಲ್ಲಿ ‘ಅಕಾಮಡೇಟಿವ್ ಸ್ಟಾನ್ಸ್’ ಎಂಬುದನ್ನು ಕಂಡೆ. ಅಲ್ಲಿಯವರೆಗೆ ‘ಅಕಾಮಡೇಶನ್’ ಎಂದರೆ ನನಗೆ ಬಾಡಿಗೆ ಕೋಣೆ ಮಾತ್ರ. ಹೀಗೆ ಸುದ್ದಿಯೊಳಗಿಂದ ಕಲಿತ ಪದಗಳು ಒಂದು ನೂರೈವತ್ತು ಇರಬಹುದು, ಅವುಗಳಲ್ಲಿ ಯಾವುದನ್ನೂ ಬಾಯಿಪಾಠ ಮಾಡಲಿಲ್ಲ, ಯಾವುದೂ ಮರೆಯಲಿಲ್ಲ. ಕಲಸಿದ ವಾಕ್ಯಗಳನ್ನು ಕ್ರಮಕ್ಕೆ ಜೋಡಿಸುವ ಪ್ರಶ್ನೆಗೆ ಬೇಕಾದದ್ದು ಒಂದೇ ಸುಳಿವು: ‘ಅವರು’, ‘ಇಂಥ’, ‘ಆದರೆ’ ಎಂಬ ಅರ್ಥದ ಪದದಿಂದ ಶುರುವಾಗುವ ವಾಕ್ಯ ಮೊದಲನೆಯದಾಗುವುದು ಅಪರೂಪ.

ಡಿಸೆಂಬರಿನಲ್ಲಿ ಊರ ಹೊರಗಿನ ಕಾಲೇಜೊಂದರ ಕಂಪ್ಯೂಟರ್ ಕೋಣೆಯಲ್ಲಿ ಪರೀಕ್ಷೆ ಬರೆದೆ. ಮೊದಲು ತಪ್ಪು ಗುರುತಿಸುವ ಪ್ರಶ್ನೆಗಳು, ಆಮೇಲೆ ಖಾಲಿ ಜಾಗ, ಕೊನೆಯ ಎಂಟು ನಿಮಿಷ ಗದ್ಯಭಾಗ ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ. ಗದ್ಯಭಾಗದಿಂದ ಶುರು ಮಾಡಿದ್ದೇ ಹಿಂದಿನ ಎರಡು ಸಲದ ದೊಡ್ಡ ತಪ್ಪಾಗಿತ್ತು. ಒಂಬತ್ತು ಪ್ರಶ್ನೆಗಳನ್ನು ಮುಟ್ಟದೆ ಬಿಟ್ಟು ಬಂದೆ. ಹೊರಗೆ ಬಂದ ಮೇಲೆ ಜೊತೆಯವರು ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಎಂದು ಹೇಳಿಕೊಳ್ಳುವುದನ್ನು ಕೇಳಿ ಎದೆ ಢವಗುಟ್ಟಿದ್ದು ಸುಳ್ಳಲ್ಲ. ಪೂರ್ವಭಾವಿ ದಾಟಿತು. ಜನವರಿಯ ಮುಖ್ಯ ಪರೀಕ್ಷೆಯಲ್ಲಿ 40 ಪ್ರಶ್ನೆಗೆ 35 ನಿಮಿಷ ಇದ್ದುದರಿಂದ ಉಸಿರಾಡಲು ಇನ್ನಷ್ಟು ಸಮಯ ಸಿಕ್ಕಿತು.

ಈಗ ಯಾದಗಿರಿ ಜಿಲ್ಲೆಯ ಒಂದು ಶಾಖೆಯಲ್ಲಿ ಕೌಂಟರಿನಲ್ಲಿ ಕೂರುತ್ತೇನೆ. ದಿನವಿಡೀ ಕನ್ನಡ, ನಡುನಡುವೆ ಹಿಂದಿ. ಇಂಗ್ಲಿಷ್ ಬೇಕಾಗುವುದು ಮೇಲಿನ ಕಚೇರಿಗೆ ಪತ್ರ ಬರೆಯುವಾಗ. ಮೊನ್ನೆಯೂ ಒಂದು ಪತ್ರದಲ್ಲಿ ‘ಡಿಸ್ಕಸ್ಡ್ ಅಬೌಟ್’ ಎಂದು ಟೈಪಿಸಿ, ಕಳುಹಿಸುವ ಮೊದಲು ‘ಅಬೌಟ್’ ಅನ್ನು ಅಳಿಸಿದೆ.