ಸ್ಟ್ರ್ಯಾಟ್ ಪಿಕ್‌ಗಾರ್ಡ್ ಬದಲಿಸುವುದು: ಹಳೆಯ ತೂತಿಗಿಂತ ಸ್ಟ್ರಿಂಗ್‌ಗಳನ್ನು ನಂಬಿ

ಎಲೆಕ್ಟ್ರಿಕ್ ಗಿಟಾರಿನ ಮೈಮೇಲೆ ಸ್ಕ್ರೂ ಹಾಕಿ ಕೂರಿಸುವ ಪ್ಲಾಸ್ಟಿಕ್ ಹಲಗೆಯೇ ಪಿಕ್‌ಗಾರ್ಡ್. ಹೊಸದನ್ನು ತರಿಸುವ ಮೊದಲು ನಾನು ಸ್ಕ್ರೂಗಳನ್ನು ಎಣಿಸುತ್ತೇನೆ. 1954ರಲ್ಲಿ ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್ ಬಂದಾಗ ಅದರ ಗಾರ್ಡ್ ಒಂದೇ ಪದರದ್ದು, ಎಂಟು ಸ್ಕ್ರೂಗಳದ್ದು. 1959ರಲ್ಲಿ ಮೂರು ಪದರದ, ಹನ್ನೊಂದು ಸ್ಕ್ರೂಗಳ ಗಾರ್ಡ್ ಬಂತು. ಇಂದಿನ ಬಹುಪಾಲು ಸ್ಟ್ರ್ಯಾಟ್ ಮಾದರಿಗಳಲ್ಲಿ ಇರುವುದು ಇದೇ. ಆದರೆ ಹನ್ನೊಂದಕ್ಕೆ ಹನ್ನೊಂದು ಸರಿಹೋಯಿತು ಎಂದು ನೆಮ್ಮದಿಯಿಂದ ಕೂರುವಂತಿಲ್ಲ. ಅರವತ್ತರ ದಶಕದ ಆರಂಭದ ವಿನ್ಯಾಸಕ್ಕೂ ಈಗಿನದಕ್ಕೂ ಒಂದು ತೂತಿನ ಜಾಗ ಬೇರೆ. ಕಡಿಮೆ ಬೆಲೆಯ ಗಿಟಾರುಗಳಲ್ಲಂತೂ ಎರಡು ಮೂರು ತೂತು ಅತ್ತಿತ್ತ ಇರುವುದು ಸಾಮಾನ್ಯ.

ತೂತುಗಳ ಅಳತೆಯನ್ನೂ ನೋಡಬೇಕು. ಇಂಚಿನ ಅಳತೆಯ ದೊಡ್ಡ ಪಾಟ್‌ಗೆ (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿನ ತಿರುಗುವ ಭಾಗ) 9.5 ಮಿ.ಮೀ. ತೂತು ಬೇಕು, ಚಿಕ್ಕ ಮೆಟ್ರಿಕ್ ಪಾಟ್‌ಗೆ ಅಷ್ಟು ಬೇಡ. ಚಿಕ್ಕ ಪಾಟನ್ನು ದೊಡ್ಡ ತೂತಿಗೆ ಹಾಕುವುದಾದರೆ ವಾಷರ್ ಸೇರಿಸಿ ನಡುಮಧ್ಯಕ್ಕೆ ನಿಲ್ಲಿಸಿದರೆ ಸಾಕು. ದೊಡ್ಡದನ್ನು ಚಿಕ್ಕ ತೂತಿಗೆ ತುರುಕುವುದಾದರೆ ಟೇಪರ್ ರೀಮರ್‌ನಿಂದ ಕೈಯಲ್ಲೇ ಹಿಗ್ಗಿಸಿ. ದಪ್ಪ ಡ್ರಿಲ್ ಬಿಟ್ ಹಾಕಿದರೆ ಅದು ಪ್ಲಾಸ್ಟಿಕ್ಕನ್ನು ಕಚ್ಚಿ ಎಳೆದು ಅಂಚನ್ನು ಸೀಳುತ್ತದೆ. ಸ್ವಿಚ್‌ನ ಎರಡು ಸ್ಕ್ರೂಗಳ ನಡುವಿನ ಅಂತರ ಸುಮಾರು 41 ಮಿ.ಮೀ.; ಡಬ್ಬಿಯಾಕಾರದ ಅಗ್ಗದ ಸ್ವಿಚ್ಚಾದರೆ ಅದನ್ನೂ ಅಳೆದೇ ನೋಡಿ.

ಕಳಚುವಾಗ ಮೊದಲು ಒಂದು ಫೋಟೊ ತೆಗೆಯಿರಿ, ಆಮೇಲೆ ಸ್ಟ್ರಿಂಗ್ ತೆಗೆಯಿರಿ. ನಾಬ್‌ಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಗಾರ್ಡ್ ಮೇಲೆ ಗುರುತು ಬೀಳುತ್ತದೆ. ನಾಬ್‌ನ ಕೆಳಗೆ ಬಟ್ಟೆಯ ಪಟ್ಟಿ ಸುತ್ತಿ ಮೇಲಕ್ಕೆಳೆದರೆ ಬರುತ್ತದೆ. 22 ಫ್ರೆಟ್‌ಗಳ ಗಿಟಾರಿನಲ್ಲಿ ಫ್ರೆಟ್‌ಬೋರ್ಡಿನ ತುದಿ ಗಾರ್ಡಿನ ಮೇಲೆ ಚಾಚಿಕೊಂಡಿರುತ್ತದೆ. ಅಂಥಲ್ಲಿ ಗಾರ್ಡನ್ನು ಬಗ್ಗಿಸಿ ಹೊರಗೆಳೆಯಲು ಹೋಗಬೇಡಿ, ನೆಕ್ಕಿನ ನಾಲ್ಕು ಸ್ಕ್ರೂ ಬಿಚ್ಚಿಬಿಡಿ. ಗಾರ್ಡ್ ಎತ್ತಿದಾಗ ಬಾಡಿಯ ಕಡೆಗೆ ಸಾಮಾನ್ಯವಾಗಿ ಮೂರೇ ವೈರ್ ಹೋಗಿರುತ್ತವೆ: ಜ್ಯಾಕ್‌ಗೆ ಎರಡು, ಹಿಂಬದಿಯ ಸ್ಪ್ರಿಂಗ್ ಹಿಡಿದಿರುವ ಕೊಂಡಿಗೆ ಒಂದು ಗ್ರೌಂಡ್. ಈ ಮೂರನ್ನು ಬಿಡಿಸಿದರೆ ಇಡೀ ಗಾರ್ಡ್ ಕೈಗೆ ಬರುತ್ತದೆ. ಒಳಗಿನ ಬೆಸುಗೆ ಯಾವುದನ್ನೂ ಮುಟ್ಟದೆ ಪಿಕಪ್ (ಸ್ಟ್ರಿಂಗ್‌ನ ಕಂಪನವನ್ನು ವಿದ್ಯುತ್ತಾಗಿಸುವ ಆಯಸ್ಕಾಂತ, ತಂತಿಸುರುಳಿಯ ಜೋಡಣೆ), ಪಾಟ್, ಸ್ವಿಚ್ ಎಲ್ಲವನ್ನೂ ಹಾಗೇ ಹೊಸದಕ್ಕೆ ದಾಟಿಸಬಹುದು. ಪಿಕಪ್ ಬಿಚ್ಚುವಾಗ ಅದರ ಸ್ಪ್ರಿಂಗ್ ಅಥವಾ ರಬ್ಬರ್ ಕೊಳವೆ ಹಾರಿಹೋಗದಂತೆ ಬೆರಳಿಟ್ಟುಕೊಳ್ಳಿ.

ಗಾರ್ಡ್ ಖಾಲಿ ಇರುವಾಗಲೇ ಶೀಲ್ಡಿಂಗ್, ಅಂದರೆ ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುವ ಲೋಹದ ಹೊದಿಕೆ, ಮುಗಿಸಿ. ಅನೇಕ ಗಾರ್ಡುಗಳಲ್ಲಿ ಪಾಟ್‌ಗಳ ಹಿಂದೆ ಮಾತ್ರ ಅಲ್ಯುಮಿನಿಯಂ ಹಾಳೆ ಇರುತ್ತದೆ; ನಾನು ಹಿಂಬದಿ ಪೂರ್ತಿ ತಾಮ್ರದ ಟೇಪ್ ಅಂಟಿಸುತ್ತೇನೆ. ಗುನುಗುವ ಸದ್ದಿನ ಒಂದಂಶ ಇದರಿಂದ ತಗ್ಗುತ್ತದೆ, ಆದರೆ ಸಿಂಗಲ್ ಕಾಯಿಲ್‌ಗೆ (ಒಂದೇ ಸುರುಳಿಯ ಪಿಕಪ್) ಟ್ರಾನ್ಸ್‌ಫಾರ್ಮರಿನಿಂದ ಬರುವ ಗುಂಯ್‌ಗುಟ್ಟುವಿಕೆ ಹೋಗುವುದಿಲ್ಲ. ಒಣ ಹವೆಯಲ್ಲಿ ಗಾರ್ಡನ್ನು ಉಜ್ಜಿದಾಗ ಬರುವ ಸ್ಥಾಯೀ ವಿದ್ಯುತ್ತಿನ ಚಟಚಟ ಸದ್ದು ಮಾತ್ರ ಪೂರ್ತಿ ಶೀಲ್ಡಿಂಗ್ ಆದಮೇಲೆ ಬಹಳಮಟ್ಟಿಗೆ ನಿಲ್ಲುತ್ತದೆ. ಟೇಪ್‌ನ ತುಂಡುಗಳು ಒಂದಕ್ಕೊಂದು ವಿದ್ಯುತ್ ಸಂಪರ್ಕದಲ್ಲಿವೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿ, ಇಲ್ಲದ ಕಡೆ ಚುಕ್ಕಿ ಬೆಸುಗೆ ಹಾಕಿ. ಬಾಡಿಯ ಕುಳಿಗೂ ಟೇಪ್ ಹಾಕುವವರು ಸ್ವಿಚ್‌ನ ಪಕ್ಕದ ಗೋಡೆಗೆ ಇನ್ಸುಲೇಶನ್ ಟೇಪ್ ಅಂಟಿಸಿ. ಸ್ವಿಚ್‌ನ ಕಾಲು ತಾಮ್ರಕ್ಕೆ ತಾಗಿದರೆ ಗಿಟಾರ್ ಮೂಕ. ಬಿಚ್ಚಿಟ್ಟಾಗ ಸದ್ದು ಬಂದು, ಮುಚ್ಚಿದ ಕೂಡಲೇ ನಿಂತುಹೋಗುವುದಕ್ಕೆ ಮುಖ್ಯ ಕಾರಣವೇ ಇದು.

ಬ್ರಿಜ್ (ಸ್ಟ್ರಿಂಗ್‌ಗಳ ಕೆಳತುದಿ ಹಿಡಿದಿರುವ ಭಾಗ) ಪಕ್ಕದ ಸಿಂಗಲ್ ಕಾಯಿಲ್ ಜಾಗದಲ್ಲಿ ಎರಡು ಸುರುಳಿಯ ಹಂಬಕರ್ ಪಿಕಪ್ ಕೂರಿಸಬೇಕೆನ್ನುವವರು ಅದಕ್ಕೆಂದೇ ಕತ್ತರಿಸಿದ ಗಾರ್ಡ್ ಕೊಳ್ಳುವುದು ಮೇಲು. ಓರೆಯಾದ ಹಳೆಯ ಕಂಡಿಯನ್ನು ಹಿಗ್ಗಿಸಿದರೂ ಅದರ ಎರಡು ಸ್ಕ್ರೂ ತೂತು ಸಾಮಾನ್ಯವಾಗಿ ಹೊರಗೇ ಕಾಣುತ್ತಾ ಉಳಿಯುತ್ತವೆ. ಅವನ್ನು ಮುಚ್ಚಲು ಹಂಬಕರ್ ರಿಂಗ್ ಬೇಕು. ಕತ್ತರಿಸಿಯೇ ತೀರಬೇಕೆಂದರೆ ಮೊದಲು ಬಾಡಿಯ ಕುಳಿಯಲ್ಲಿ ಹಂಬಕರ್ ಇಳಿಯುತ್ತದೆಯೇ ನೋಡಿ. ಮಾಸ್ಕಿಂಗ್ ಟೇಪ್ ಮೇಲೆ ಗುರುತು ಹಾಕಿ, ಗೆರೆಯಿಂದ 1 ಮಿ.ಮೀ. ಒಳಗೆ ಕೋಪಿಂಗ್ ಗರಗಸದಿಂದ ಕೊಯ್ದು, ಉಳಿದದ್ದನ್ನು ಅರದಿಂದ ತಿಕ್ಕಿ. ವೇಗದ ರೋಟರಿ ಟೂಲ್‌ಗೆ ಪಿವಿಸಿ ಕರಗಿ ಮತ್ತೆ ಅಂಚಿಗೇ ಮೆತ್ತಿಕೊಳ್ಳುತ್ತದೆ. ಹಳೆಯ ಸೆಲ್ಯುಲಾಯ್ಡ್ ಗಾರ್ಡಾದರೆ ಯಂತ್ರವನ್ನೂ ಬೆಸುಗೆ ಕಡ್ಡಿಯನ್ನೂ ದೂರವಿಡಿ, ಅದಕ್ಕೆ ಸುಲಭವಾಗಿ ಬೆಂಕಿ ಹತ್ತುತ್ತದೆ.

ಇನ್ನು ಕೂರಿಸುವುದು. ತೂತುಗಳು ಹೊಂದದಿದ್ದಾಗ ಹೆಚ್ಚಿನವರು ಹಳೆಯ ತೂತುಗಳಲ್ಲಿ ಯಾವುದು ಸಿಕ್ಕಿತೋ ಅದಕ್ಕೆ ಸ್ಕ್ರೂ ಬಿಗಿದು ಗಾರ್ಡನ್ನು ಎಳೆದಾಡುತ್ತಾರೆ. ಪಿಕಪ್‌ಗಳೆಲ್ಲ ಗಾರ್ಡಿಗೇ ನೇತಾಡುವುದರಿಂದ ಅದು ಸರಿದಷ್ಟೂ ಅವೂ ಸರಿಯುತ್ತವೆ, ಒಂದು ಬದಿಯ ಇ ಸ್ಟ್ರಿಂಗ್ (ಎರಡು ಅಂಚಿನ ಸ್ಟ್ರಿಂಗ್‌ಗಳೂ ಇ) ತನ್ನ ಕೆಳಗಿನ ಪಿಕಪ್ ಕಂಬದ, ಅಂದರೆ ಆಯಸ್ಕಾಂತದ ಗೂಟದ, ನೆತ್ತಿಯಿಂದ ಜಾರುತ್ತದೆ. ಆದ್ದರಿಂದ ನೆಕ್ಕನ್ನು ಮತ್ತೆ ಕೂರಿಸಿ, ಎರಡು ಇ ಸ್ಟ್ರಿಂಗ್‌ಗಳನ್ನು ಮಾತ್ರ ಹಾಕಿ ಸ್ವಲ್ಪ ಬಿಗಿ ಮಾಡಿ. ಗಾರ್ಡನ್ನು ಜರುಗಿಸುತ್ತಾ ಮೂರೂ ಪಿಕಪ್‌ಗಳ ಕೊನೆಯ ಕಂಬಗಳು ಸ್ಟ್ರಿಂಗ್ ಕೆಳಗೆ ಎರಡೂ ಬದಿ ಸಮನಾಗಿ ಬರುವಂತೆ ನಿಲ್ಲಿಸಿ. ನೆಕ್ಕಿನ ಹಿಮ್ಮಡಿಗೂ ಬ್ರಿಜ್‌ನ ತಟ್ಟೆಗೂ ಗಾರ್ಡ್ ಒತ್ತಿಕೊಂಡಿರಬಾರದು, ಒಂದು ಕಾಗದ ಹೋಗುವಷ್ಟಾದರೂ ಸಂದು ಬೇಕು. ಟ್ರೆಮೊಲೊ (ಕೈಪಿಡಿಯಿಂದ ಅಲುಗಾಡಿಸುವ ಬ್ರಿಜ್) ತಟ್ಟೆ ಅಂಚಿಗೆ ಉಜ್ಜಿದರೆ ಟ್ಯೂನಿಂಗ್ ನಿಲ್ಲುವುದಿಲ್ಲ. ಒತ್ತುವ ಕಡೆ ಅಂಚನ್ನು ಅರದಿಂದ ತುಸು ಇಳಿಸಿ. ಸರಿಯಾದ ಜಾಗ ಸಿಕ್ಕಮೇಲೆ ಟೇಪ್ ಹಾಕಿ ಹಿಡಿದು, ತೂತುಗಳ ನಡುಮಧ್ಯವನ್ನು ಮೊಳೆಯ ತುದಿಯಿಂದ ಚುಚ್ಚಿ ಗುರುತು ಮಾಡಿ.

ಹೊಸ ಗುರುತು ಹಳೆಯ ತೂತಿನಿಂದ ಪೂರ್ತಿ ಹೊರಗಿದ್ದರೆ ನೇರ ಕೊರೆಯಬಹುದು. ಅರ್ಧಂಬರ್ಧ ಮೇಲೆ ಬಿದ್ದಿದ್ದರೆ ಹಳೆಯದನ್ನು ಮುಚ್ಚಲೇಬೇಕು, ಇಲ್ಲದಿದ್ದರೆ ಬಿಟ್ ಜಾರಿ ಅದೇ ತೂತಿಗೆ ಇಳಿಯುತ್ತದೆ. ಗಟ್ಟಿ ಮರದ ಕಡ್ಡಿಗೆ ಮರಗೆಲಸದ ಬಿಳಿ ಅಂಟು ಸವರಿ ತುಂಬಿ, ಒಂದು ರಾತ್ರಿ ಒಣಗಿಸಿ, ಮಟ್ಟಕ್ಕೆ ಕತ್ತರಿಸಿ. ಹಲ್ಲುಕಡ್ಡಿಯಾದರೂ ನಡೆಯುತ್ತದೆ, ಆದರೆ ಅದು ಮೆತು. ಸಾಮಾನ್ಯ ಗಾರ್ಡ್ ಸ್ಕ್ರೂ ಸುಮಾರು 3 ಮಿ.ಮೀ. ದಪ್ಪ, 12 ಮಿ.ಮೀ. ಉದ್ದ, ಇದಕ್ಕೆ 2 ಮಿ.ಮೀ. ಬಿಟ್ ಸರಿ. ಬಿಟ್‌ಗೆ 12 ಮಿ.ಮೀ. ಮೇಲೆ ಟೇಪ್ ಸುತ್ತಿ ಆಳ ಗೊತ್ತು ಮಾಡಿಕೊಳ್ಳಿ. ಪಾಲಿಯೆಸ್ಟರ್ ಬಣ್ಣ ದಪ್ಪಗಿದ್ದರೆ ತೂತಿನ ಬಾಯನ್ನು ಕೌಂಟರ್‌ಸಿಂಕ್ ಬಿಟ್ಟಿನಿಂದ ಕೈಯಲ್ಲಿ ಎರಡು ಸುತ್ತು ತಿರುವಿ. ಹಾಗೆ ಮಾಡದೆ ಸ್ಕ್ರೂ ಬಿಗಿದರೆ ಬಣ್ಣ ಬಿರಿದು ಗಾರ್ಡಿನಾಚೆಗೂ ಗೆರೆ ಹೋಗುತ್ತದೆ. ಸ್ಕ್ರೂಗೆ ಮೇಣ ಹಚ್ಚಿ, ಸೋಪು ಬೇಡ. ಅದು ತೇವ ಹೀರಿ ತುಕ್ಕು ಹಿಡಿಸುತ್ತದೆ.

ಮುಚ್ಚುವ ಮೊದಲು ಮೂರು ವೈರ್ ಬೆಸೆದು, ಆ್ಯಂಪ್‌ಗೆ ಜೋಡಿಸಿ, ಸ್ವಿಚ್‌ನ ಐದೂ ಸ್ಥಾನಗಳಲ್ಲಿ ಪಿಕಪ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ತಟ್ಟಿ ನೋಡಿ. ಆ್ಯಂಪ್ ಇಲ್ಲದಿದ್ದರೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಅದರ ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ: ಸಾಮಾನ್ಯ ಸಿಂಗಲ್ ಕಾಯಿಲ್‌ಗೆ 5.5ರಿಂದ 7 ಕಿಲೋ ಓಮ್, ಎರಡು ಕೂಡಿದ ಸ್ಥಾನಗಳಲ್ಲಿ ಸುಮಾರು ಅದರ ಅರ್ಧ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಗ್ರೌಂಡ್‌ಗೆ ತಾಗಿದೆ.

ಸ್ಕ್ರೂಗಳನ್ನು ಒಂದೇ ಬದಿಯಿಂದ ಬಿಗಿಯುತ್ತಾ ಹೋಗದೆ ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಆಮೇಲೆ ಎದುರುಬದುರಾಗಿ ಬಿಗಿ ಮಾಡಿ, ತಲೆ ಮಟ್ಟಕ್ಕೆ ಬಂದಲ್ಲಿಗೆ ನಿಲ್ಲಿಸಿ. ಗಾರ್ಡಿನ ದಪ್ಪ ಬದಲಾಗಿದ್ದರೆ ಪಿಕಪ್ ಎತ್ತರವೂ ಬದಲಾಗಿರುತ್ತದೆ: ಒಂದು ಪದರದ್ದು ಸುಮಾರು 1.6 ಮಿ.ಮೀ., ಮೂರು ಪದರದ್ದು 2.3. ಕೊನೆಯ ಫ್ರೆಟ್ ಒತ್ತಿ ಹಿಡಿದು, ಹಳೆಯ ಶೈಲಿಯ ಸಿಂಗಲ್ ಕಾಯಿಲ್‌ಗೆ ದಪ್ಪ ಇ ಕೆಳಗೆ 2.4 ಮಿ.ಮೀ., ತೆಳು ಇ ಕೆಳಗೆ 2 ಮಿ.ಮೀ. ಬಿಟ್ಟು ಶುರುಮಾಡಿ. ಅದಕ್ಕಿಂತ ಹತ್ತಿರ ತಂದಾಗ ದಪ್ಪ ಸ್ಟ್ರಿಂಗ್‌ನ ಮೇಲಿನ ಫ್ರೆಟ್‌ಗಳಲ್ಲಿ ಒಂದೇ ಸ್ವರ ಎರಡಾಗಿ ನಡುಗಿದಂತೆ ಕೇಳಿದರೆ ಆಯಸ್ಕಾಂತ ಸ್ಟ್ರಿಂಗ್ ಎಳೆಯುತ್ತಿದೆ. ನೆಕ್ ಪಿಕಪ್‌ನ ದಪ್ಪ ಇ ಬದಿಯನ್ನು ಮೊದಲು ಇಳಿಸಿ ನೋಡಿ.